ಬೆನ್ಯೇ ಉಬ್ಬುತ್ತಿಲ್ಲ, ಪ್ರಾಲೀನ್ ಗಟ್ಟಿಯಾಗುತ್ತಿಲ್ಲ: ಕ್ರಿಯೋಲ್ ಸಿಹಿ ತಿಂಡಿಗಳನ್ನು ಮನೆಯಲ್ಲಿ ಮಾಡುವ ಬಗ್ಗೆ

ಪ್ರಶ್ನೆ: ನಮಸ್ತೆ ಮೇಡಂ. ಕೆಲಸದ ಮೇಲೆ ಕೆಲವು ವರ್ಷ ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದೆ. ನ್ಯೂ ಆರ್ಲಿಯನ್ಸ್‌ಗೆ ಹೋದಾಗಲೆಲ್ಲ ಅಲ್ಲಿನ ಕ್ರಿಯೋಲ್ ತಿಂಡಿಗಳನ್ನು, ಅಂದರೆ ಫ್ರೆಂಚ್, ಸ್ಪ್ಯಾನಿಷ್, ಆಫ್ರಿಕನ್ ಅಡುಗೆ ಬೆರೆತು ಹುಟ್ಟಿದ ತಿಂಡಿಗಳನ್ನು, ಆಸೆಪಟ್ಟು ತಿನ್ನುತ್ತಿದ್ದೆ. ಈಗ ಮಂಗಳೂರಿಗೆ ವಾಪಸ್ ಬಂದಿದ್ದೇನೆ. ಮನೆಯಲ್ಲಿ ಮಾಡಲು ಹೋದರೆ ಒಂದೂ ಸರಿ ಬರುತ್ತಿಲ್ಲ. ಎಣ್ಣೆಯಲ್ಲಿ ಕರಿಯುವ ಬೆನ್ಯೇ ಚಪ್ಪಟೆಯಾಗಿ ಎಣ್ಣೆ ಕುಡಿಯುತ್ತದೆ. ಪ್ರಾಲೀನ್ ಎಂಬ ಪೆಕಾನ್ ಮಿಠಾಯಿ ಗಟ್ಟಿಯಾಗುವುದಿಲ್ಲ, ಬೆರಳಿಗೆ ಅಂಟುತ್ತದೆ. ಬ್ರೆಡ್ ಪುಡಿಂಗ್ ಮುದ್ದೆಯಾಗುತ್ತದೆ. ಅಕ್ರೋಟದಂಥ ಆ ಪೆಕಾನ್ ಕಾಯಿಯ ಬದಲು ಏನು ಹಾಕಬಹುದು? ನಮ್ಮ ಅತ್ತೆ ಮೊಟ್ಟೆ ತಿನ್ನುವುದಿಲ್ಲ. ಮನೆಯಲ್ಲಿ ಒಂದು ಚಿಕ್ಕ ಓಟಿಜಿ ಓವನ್ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಮೂರೂ ತೊಂದರೆಗಳಿಗೆ ಕಾರಣ ನೀರು. ಬೆನ್ಯೇ ಹಿಟ್ಟಿನೊಳಗಿನ ನೀರು ಎಣ್ಣೆಗೆ ಬಿದ್ದ ಕೂಡಲೇ ಆವಿಯಾಗಬೇಕು, ಆಗುತ್ತಿಲ್ಲ. ಪ್ರಾಲೀನ್ ಪಾಕದಲ್ಲಿ ಇರಬೇಕಾದ್ದಕ್ಕಿಂತ ಜಾಸ್ತಿ ನೀರು ಉಳಿದಿದೆ. ಪುಡಿಂಗ್‌ಗೆ ಹಾಕಿದ ಬ್ರೆಡ್‌ನಲ್ಲಿ ಮೊದಲೇ ತೇವ ಇದೆ, ಹಾಲು ಹೀರಿಕೊಳ್ಳಲು ಅದರಲ್ಲಿ ಜಾಗವೇ ಇಲ್ಲ. ಅಳತೆ ಬದಲಿಸುವುದಕ್ಕಿಂತ ಮೊದಲು ಈ ನೀರಿನ ಮೇಲೆ ಕಣ್ಣಿಡಿ.

ಮಂಗಳೂರಿನ ಸೆಕೆಯಿಂದಾಗಿ ಹೀಗಾಯಿತು ಅಂತ ಬೇಸರ ಮಾಡಿಕೊಳ್ಳಬೇಡಿ. ನ್ಯೂ ಆರ್ಲಿಯನ್ಸ್ ಕೂಡ ಅಂಥದ್ದೇ ಊರು. ಮಿಸಿಸಿಪಿ ನದಿಯ ದಂಡೆಯಲ್ಲಿ, ಜೌಗು ನೆಲದ ನಡುವೆ, 1718ರಲ್ಲಿ ಫ್ರೆಂಚರು ಕಟ್ಟಿದ ಪಟ್ಟಣ ಅದು. ಬೇಸಿಗೆಯಲ್ಲಿ ಬಟ್ಟೆ ಒಣಗದಷ್ಟು ತೇವದ ಗಾಳಿ. ಫ್ರಿಜ್ ಇಲ್ಲದ ಕಾಲದಲ್ಲಿ ಅಲ್ಲಿ ಹಾಲು ಕೆಡುತ್ತಿತ್ತು, ಬ್ರೆಡ್ ಬೇಗ ಹಳತಾಗುತ್ತಿತ್ತು, ಅನ್ನ ಮಿಗುತ್ತಿತ್ತು. ಕ್ರಿಯೋಲ್ ಸಿಹಿಗಳಲ್ಲಿ ಬಹುಪಾಲು ಹುಟ್ಟಿದ್ದು ಈ ಕಷ್ಟಗಳಿಗೆ ಅಡುಗೆಮನೆಯಲ್ಲೇ ಕಂಡುಕೊಂಡ ದಾರಿಗಳಿಂದ. ಹಾಗಾಗಿ ಕರಾವಳಿಯ ಮನೆಗೆ ಇವು ಚೆನ್ನಾಗಿ ಹೊಂದುತ್ತವೆ.

ಇವುಗಳನ್ನು ರೂಪಿಸಿದವರು ಯಾರು ಅನ್ನುವುದನ್ನೂ ತಿಳಿದಿರಬೇಕು. ಫ್ರೆಂಚರ ನಂತರ ಆ ಊರನ್ನು ಸ್ಪೇನಿನವರು ಆಳಿದರು. 1803ರಲ್ಲಿ ಅದು ಅಮೆರಿಕಕ್ಕೆ ಸೇರಿತು. 1809ರಲ್ಲಿ ಇಂದಿನ ಹೈಟಿಯಿಂದ ಹೊರಟು ಕ್ಯೂಬಾದಲ್ಲಿ ನೆಲೆಸಿದ್ದ ಸಾವಿರಾರು ನಿರಾಶ್ರಿತರು ಅಲ್ಲಿಗೆ ಬಂದಿಳಿದರು. ಆದರೆ ಈ ಎಲ್ಲ ಕಾಲದಲ್ಲೂ ಒಲೆಯ ಮುಂದೆ ನಿಂತವರಲ್ಲಿ ಹೆಚ್ಚಿನವರು ಆಫ್ರಿಕಾ ಮೂಲದ ಹೆಂಗಸರು. ಅವರಲ್ಲಿ ಗುಲಾಮಗಿರಿಯಲ್ಲಿ ಸಿಕ್ಕವರೂ ಇದ್ದರು, ಸ್ವತಂತ್ರರೂ ಇದ್ದರು. ಮೈದಾ, ಬೆಣ್ಣೆಯ ತಿಂಡಿಗಳು ಬಂದದ್ದು ಫ್ರಾನ್ಸಿನಿಂದ. ಅವನ್ನು ಸ್ಥಳೀಯ ಸಕ್ಕರೆ, ಪೆಕಾನ್, ಅಕ್ಕಿಗೆ ಒಗ್ಗಿಸಿದ್ದು ಹೆಚ್ಚಾಗಿ ಈ ಹೆಂಗಸರ ಕೈ. ಅವರಲ್ಲಿ ಹೆಚ್ಚಿನವರ ಹೆಸರು ಯಾವ ಅಂಗಡಿಯ ಬೋರ್ಡಿನ ಮೇಲೂ ಬರಲಿಲ್ಲ.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಬೆನ್ಯೇ ಬೇಡ, ಕಲಾಸ್ ಮಾಡಿ. ನ್ಯೂ ಆರ್ಲಿಯನ್ಸ್‌ನ ಹೋಟೆಲುಗಳಲ್ಲಿ ಅದು ಅಪರೂಪ, ನೀವು ತಿಂದಿರಲಿಕ್ಕಿಲ್ಲ. ಅನ್ನ ಹಿಸುಕಿ, ಸಕ್ಕರೆ, ಜಾಯಿಕಾಯಿ ಬೆರೆಸಿ, ಎಣ್ಣೆಯಲ್ಲಿ ಬಿಟ್ಟು ಕರಿದ ಬೋಂಡಾ ಗಾತ್ರದ ಸಿಹಿ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ನನಗೆ ಇಡೀ ಕ್ರಿಯೋಲ್ ಅಡುಗೆಯಲ್ಲಿ ಇದರ ಮೇಲೆ ಇರುವಷ್ಟು ಪ್ರೀತಿ ಬೇರೆ ಯಾವುದರ ಮೇಲೂ ಇಲ್ಲ.

1719ರಿಂದ ನ್ಯೂ ಆರ್ಲಿಯನ್ಸ್ ಇರುವ ಲೂಯಿಸಿಯಾನಾಕ್ಕೆ ಬಂದ ಗುಲಾಮರ ಹಡಗುಗಳಲ್ಲಿ ಪಶ್ಚಿಮ ಆಫ್ರಿಕಾದ ಭತ್ತದ ಬೀಜವೂ ಬಂತು, ಭತ್ತ ಬೆಳೆಯಲು ಗೊತ್ತಿದ್ದ ಜನರನ್ನೂ ಹಿಡಿದು ತಂದರು. ಅನ್ನದ ಈ ಕರಿದ ತಿಂಡಿಯ ಬೇರು ಅಲ್ಲಿದೆ. ಮುಂದೆ ಊರಿನ ಹಳೆಯ ಭಾಗವಾದ ಫ್ರೆಂಚ್ ಕ್ವಾರ್ಟರ್‌ನ ಬೀದಿಗಳಲ್ಲಿ ಬೆಳಗ್ಗೆ ತಲೆಯ ಮೇಲೆ ಬುಟ್ಟಿ ಹೊತ್ತು, ಬಿಸಿ ಬಿಸಿ ಕಲಾಸ್ ಅಂತ ಕೂಗುತ್ತಾ ಕಪ್ಪು ಹೆಂಗಸರು ಮಾರುತ್ತಿದ್ದರು. ಸ್ಪೇನಿನ ಆಳ್ವಿಕೆಯಲ್ಲಿ ಗುಲಾಮರು ತಮ್ಮ ಬೆಲೆ ತೆತ್ತು ಬಿಡುಗಡೆ ಪಡೆಯಲು ಕಾನೂನಿನಲ್ಲಿ ಅವಕಾಶ ಇತ್ತು. ಬೀದಿ ಮಾರಾಟದಿಂದ ಕಾಸು ಕೂಡಿಸಿ ತಮ್ಮನ್ನು, ತಮ್ಮ ಮಕ್ಕಳನ್ನು ಬಿಡಿಸಿಕೊಂಡವರಿದ್ದರು. 20ನೇ ಶತಮಾನದಲ್ಲಿ ಈ ಮಾರಾಟ ನಿಂತೇ ಹೋಯಿತು. ಕೆಲವು ಮನೆಗಳಲ್ಲಿ ಮಾತ್ರ ಉಳಿಯಿತು. ಈಚಿನ ದಶಕಗಳಲ್ಲಿ ಪಾಪಿ ಟೂಕರ್ ಅವರಂಥ ಅಡುಗೆ ಶಿಕ್ಷಕರು ಅದನ್ನು ಮತ್ತೆ ಜನರಿಗೆ ಕಲಿಸಿದರು.

ಹಳೆಯ ಕ್ರಮದಲ್ಲಿ ಅನ್ನವನ್ನು ಯೀಸ್ಟ್ ಜೊತೆ ರಾತ್ರಿಯಿಡೀ ಹುದುಗಲು ಬಿಡುತ್ತಿದ್ದರು. ಮನೆಯಲ್ಲಿ ಶುರು ಮಾಡುವವರಿಗೆ ಬೇಕಿಂಗ್ ಪೌಡರ್ ಕ್ರಮವೇ ಸಾಕು. ತಣ್ಣಗಿನ ಅನ್ನ 2 ಕಪ್ ತೆಗೆದುಕೊಳ್ಳಿ. ಬಾಸ್ಮತಿ ಬೇಡ, ಸೋನಾ ಮಸೂರಿ ಒಳ್ಳೆಯದು. ಕರಾವಳಿಯ ಕುಚ್ಚಲಕ್ಕಿ ಇದಕ್ಕೆ ಆಗದು, ಅಗುಳು ಅಗುಳಾಗಿ ನಿಲ್ಲುತ್ತದೆ. ಅರ್ಧ ಅನ್ನವನ್ನು ಚೆನ್ನಾಗಿ ಹಿಸುಕಿ, ಇನ್ನರ್ಧವನ್ನು ಹಾಗೇ ಬಿಡಿ. ಅದಕ್ಕೆ ಮೈದಾ 6 ದೊಡ್ಡ ಚಮಚ, ಸಕ್ಕರೆ 3 ದೊಡ್ಡ ಚಮಚ, ಬೇಕಿಂಗ್ ಪೌಡರ್ 2 ಚಿಕ್ಕ ಚಮಚ, ಉಪ್ಪು ಕಾಲು ಚಮಚ, ತುರಿದ ಜಾಯಿಕಾಯಿ ಕಾಲು ಚಮಚ, ಸ್ವಲ್ಪ ವೆನಿಲಾ, ಮೊಟ್ಟೆ 2. ಎಲ್ಲ ಕಲಸಿ. ಚಮಚದಿಂದ ತೆಗೆದರೆ ಗುಡ್ಡೆಯಾಗಿ ನಿಲ್ಲಬೇಕು, ನಿಧಾನವಾಗಿ ಜಾರಬೇಕು. ನೀರಾಗಿದ್ದರೆ ಮೈದಾ ಇನ್ನೊಂದು ಚಮಚ. ನಿಮ್ಮ ಜಿಲ್ಲೆಯ ಅಡಿಕೆ ತೋಟಗಳಲ್ಲೇ ಜಾಯಿಕಾಯಿ ಬೆಳೆಯುತ್ತಾರೆ, ಅಲ್ವಾ? ಡಬ್ಬಿಯ ಪುಡಿ ತರಬೇಡಿ, ಇಡೀ ಕಾಯಿ ತಂದು ಆಗಲೇ ತುರಿಯಿರಿ. ಈ ತಿಂಡಿಯ ಪರಿಮಳ ಪೂರ್ತಿ ಅದರಲ್ಲೇ ಇದೆ.

ಎಣ್ಣೆ 180 ಡಿಗ್ರಿ ಸೆಲ್ಸಿಯಸ್ ಇರಲಿ. ಒಂದೊಂದೇ ದೊಡ್ಡ ಚಮಚದಷ್ಟು ಬಿಟ್ಟು, ತಿರುಗಿಸುತ್ತಾ, ಕಂದು ಬಣ್ಣ ಬರುವವರೆಗೆ ಕರಿಯಿರಿ. ಒಂದನ್ನು ಮೊದಲು ಮುರಿದು ನೋಡಿ. ಒಳಗೆ ಹಸಿ ಇದ್ದರೆ ಉರಿ ಸ್ವಲ್ಪ ತಗ್ಗಿಸಿ, ಇನ್ನೊಂದು ನಿಮಿಷ ಬಿಡಿ. ಮೇಲೆ ಪುಡಿ ಸಕ್ಕರೆ ಉದುರಿಸಿ ಬಿಸಿಯಾಗಿಯೇ ಕೊಡಿ. ತಣ್ಣಗಾದರೆ ಗರಿ ಹೋಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಮಿಕ್ಕ ಅನ್ನ ಅಂದರೆ ಫ್ರಿಜ್‌ನಲ್ಲಿಟ್ಟ ಅನ್ನ. ರಾತ್ರಿಯಿಡೀ ಹೊರಗೇ ಉಳಿದದ್ದು ಬೇಡ. ಹೊರಗೆ ಬಿಟ್ಟ ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಬಿಡುವ ವಿಷ ಎಣ್ಣೆಯಲ್ಲಿ ಕರಿದರೂ ಹೋಗುವುದಿಲ್ಲ. ವಾಂತಿ ಶುರುವಾಗುತ್ತದೆ. ಹಳೆಯ ಯೀಸ್ಟ್ ಕ್ರಮವನ್ನೇ ಮಾಡುವ ಆಸೆ ಇದ್ದರೆ, ಆಗಷ್ಟೇ ಮಾಡಿದ ಮೆತ್ತಗಿನ ಅನ್ನವನ್ನು ಉಗುರು ಬೆಚ್ಚಗಾಗಿಸಿ ಯೀಸ್ಟ್ ಕಲಸಿ. ಒಂದು ತಾಸು ಹೊರಗಿಟ್ಟು, ಉಳಿದ ರಾತ್ರಿ ಫ್ರಿಜ್‌ನಲ್ಲಿ ಇಡಿ. ನಿಧಾನವಾಗಿ ಹುದುಗುತ್ತದೆ, ಸಣ್ಣ ಹುಳಿಯೂ ಬರುತ್ತದೆ.

ಅತ್ತೆಯವರಿಗೆ ಮಾಡುವಾಗ ಮೊಟ್ಟೆಯ ಬದಲು ಗಟ್ಟಿ ಮೊಸರು 4 ದೊಡ್ಡ ಚಮಚ ಹಾಕಿ, ಮೈದಾ 2 ಚಮಚ ಹೆಚ್ಚಿಸಿ, ಅನ್ನವನ್ನು ಪೂರ್ತಿ ಹಿಸುಕಿ. ಒಳಗೆ ಸ್ವಲ್ಪ ಹೆಚ್ಚು ಮೆತ್ತಗಾಗುತ್ತದೆ, ರುಚಿ ಕೆಡುವುದಿಲ್ಲ. ಮೊಟ್ಟೆ ಹಾಕಿದ್ದನ್ನು ಕರಿಯುವ ಮೊದಲೇ, ಹೊಸ ಎಣ್ಣೆಯಲ್ಲಿ ಅವರದನ್ನು ಕರಿದು ತೆಗೆದಿಡಿ.

ಈಗ ಬೆನ್ಯೇ. ಚೌಕ ಆಕಾರದ, ರಂಧ್ರ ಇಲ್ಲದ, ಪುಡಿ ಸಕ್ಕರೆಯಲ್ಲಿ ಮುಳುಗಿದ ಕರಿದ ತಿಂಡಿ. ಫ್ರೆಂಚ್ ಮಾರ್ಕೆಟ್‌ನ ಕೆಫೆ ದು ಮೊಂಡ್ 1862ರಿಂದ ನಡೆಯುತ್ತಿದೆ, ನೀವೂ ಅಲ್ಲೇ ತಿಂದಿರಬೇಕು. 1986ರಲ್ಲಿ ಲೂಯಿಸಿಯಾನಾ ಸರ್ಕಾರ ಬೆನ್ಯೇಯನ್ನು ತನ್ನ ರಾಜ್ಯದ ಅಧಿಕೃತ ಡೋನಟ್ ಎಂದೇ ಘೋಷಿಸಿತು.

ಬೆನ್ಯೇ ಉಬ್ಬುವುದಕ್ಕೆ ಯೀಸ್ಟ್ ಅರ್ಧ ಕಾರಣ ಅಷ್ಟೇ. ಇನ್ನರ್ಧ ನಮ್ಮ ಪೂರಿಯ ಹಾಗೇ. ತೆಳುವಾದ ಹಾಳೆ ಕಾದ ಎಣ್ಣೆಗೆ ಬಿದ್ದಾಗ ಎರಡೂ ಮೈ ಬೇಗ ಬೆಂದು ಮುಚ್ಚಿಕೊಳ್ಳಬೇಕು. ಒಳಗಿನ ನೀರು ಆವಿಯಾಗಿ ಅದನ್ನು ಎತ್ತಬೇಕು. ಎಣ್ಣೆ ತಣ್ಣಗಿದ್ದರೆ ಮೈ ಮುಚ್ಚುವುದಿಲ್ಲ, ಆವಿ ಸೋರಿ ಹೋಗುತ್ತದೆ, ಆ ಜಾಗಕ್ಕೆ ಎಣ್ಣೆ ನುಗ್ಗುತ್ತದೆ. ನಿಮಗೆ ಆಗುತ್ತಿರುವುದು ಇದೇ. ಎಣ್ಣೆ 185 ಡಿಗ್ರಿ ಇರಬೇಕು. ಒಂದು ಸಲಕ್ಕೆ ಮೂರಕ್ಕಿಂತ ಜಾಸ್ತಿ ಹಾಕಬೇಡಿ. ತಣ್ಣನೆಯ ಹಿಟ್ಟು ಬೀಳುತ್ತಿದ್ದಂತೆ ಎಣ್ಣೆಯ ಕಾವು ಇಳಿಯುತ್ತದೆ, ಅದು ಮತ್ತೆ ಏರುವವರೆಗೆ ಕಾಯಿರಿ.

ಅಡುಗೆಗೆ ಬಳಸುವ ಒಂದು ಥರ್ಮಾಮೀಟರ್ ಕೊಳ್ಳಿ. 200 ಡಿಗ್ರಿವರೆಗೆ ತೋರಿಸುವಂಥದ್ದಾದರೆ ಸಾಕು. ಬೆನ್ಯೇ, ಪ್ರಾಲೀನ್ ಎರಡಕ್ಕೂ ಅದೇ ಆಗುತ್ತದೆ. ನೀವು ಖರ್ಚು ಮಾಡಲೇಬೇಕಾದ ವಸ್ತು ಅದೊಂದೇ.

ಅಳತೆ ಹೀಗಿದೆ. ಮೈದಾ 500 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 7 ಗ್ರಾಂ, ಸಕ್ಕರೆ 60 ಗ್ರಾಂ, ಉಪ್ಪು 8 ಗ್ರಾಂ, ಬೆಣ್ಣೆ 40 ಗ್ರಾಂ, ಮೊಟ್ಟೆ 1, ಉಗುರು ಬೆಚ್ಚಗಿನ ನೀರು 150 ಮಿ.ಲೀ., ಇವಾಪೊರೇಟೆಡ್ ಹಾಲು 120 ಮಿ.ಲೀ. ಈ ಕೊನೆಯದ್ದು ಅಂದರೆ ಸಕ್ಕರೆ ಹಾಕದೆ ಬತ್ತಿಸಿ ಡಬ್ಬಿಗೆ ತುಂಬಿದ ಹಾಲು. ಹಾಲು ಬೇಗ ಕೆಡುವ ಆ ಊರಲ್ಲಿ ಡಬ್ಬಿ ಹಾಲು ಮನೆಮನೆಗೂ ಸೇರಿತು, ಪಾಕವಿಧಾನದಲ್ಲೂ ಉಳಿಯಿತು. ಇಲ್ಲಿ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಸಿಹಿಯಾದ ಕಂಡೆನ್ಸ್ಡ್ ಮಿಲ್ಕ್. ಅದನ್ನು ಹಾಕಬೇಡಿ, ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಅರ್ಧ ಲೀಟರ್ ಗಟ್ಟಿ ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ ಕೈಯಾಡಿಸುತ್ತಾ 200ರಿಂದ 225 ಮಿ.ಲೀ.ಗೆ ಬತ್ತಿಸಿ, ಸೋಸಿ, ತಣಿಸಿ. ಅಷ್ಟೇ. ಉಳಿದದ್ದು ಪ್ರಾಲೀನ್‌ಗೆ ಬರುತ್ತದೆ, ಸಾಲದಿದ್ದರೆ ಕ್ರೀಮ್ ಸೇರಿಸಿ.

ಎಲ್ಲ ಕಲಸಿ, ಮೆತ್ತಗೆ, ಸ್ವಲ್ಪ ಅಂಟುವ ಹಾಗೆ ನಾದಿ. ಬೆಣ್ಣೆಯನ್ನು ಕೊನೆಗೆ ಸೇರಿಸಿ. ಅಂಟುತ್ತದೆ ಅಂತ ಮೈದಾ ಸುರಿಯುವುದೇ ಎಲ್ಲರೂ ಎಡವುವ ಜಾಗ. ಹಿಟ್ಟು ಬಿಗಿಯಾದರೆ ಆವಿಗೆ ಅದನ್ನು ಎತ್ತುವ ಶಕ್ತಿ ಇರುವುದಿಲ್ಲ. ಕೈಗೆ ಎಣ್ಣೆ ಸವರಿಕೊಳ್ಳಿ. ಹಿಟ್ಟನ್ನು ಮುಚ್ಚಿ ರಾತ್ರಿ ಫ್ರಿಜ್‌ನಲ್ಲಿ ಇಡಿ. ಮಂಗಳೂರಿನ ಸೆಕೆಯಲ್ಲಿ ಹೊರಗೆ ಬಿಟ್ಟರೆ ಅತಿಯಾಗಿ ಹುದುಗಿ ಹುಳಿ ವಾಸನೆ ಬರುತ್ತದೆ. ತಣ್ಣನೆಯ ಹಿಟ್ಟು ಲಟ್ಟಿಸಲೂ ಸುಲಭ.

ಬೆಳಗ್ಗೆ ಅರ್ಧ ಸೆಂಟಿಮೀಟರ್‌ಗಿಂತ ಸ್ವಲ್ಪ ದಪ್ಪಗೆ ಲಟ್ಟಿಸಿ. 6 ಸೆಂಟಿಮೀಟರ್ ಅಗಲದ ಚೌಕಗಳಾಗಿ ಕತ್ತರಿಸಿ. ಮೇಲಂಟಿದ ಒಣ ಹಿಟ್ಟನ್ನು ಕೊಡವಿ, ಇಲ್ಲದಿದ್ದರೆ ಅದು ಎಣ್ಣೆಯಲ್ಲಿ ಸುಟ್ಟು ಕಹಿಯಾಗುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟು ಎಣ್ಣೆಗೆ ಹಾಕಿ. ಹಾಕಿದ ಕೂಡಲೇ ಸಟ್ಟುಗದಿಂದ ಮೇಲೆ ಬಿಸಿ ಎಣ್ಣೆ ಚಿಮುಕಿಸಿ, ಉಬ್ಬುವುದನ್ನು ನೋಡಿ, ಆಮೇಲೆ ತಿರುಗಿಸಿ. ಅಂಚಿನ ತುಂಡುಗಳನ್ನು ಮತ್ತೆ ಉಂಡೆ ಮಾಡಿ ಲಟ್ಟಿಸಿದರೆ ಅವು ಬಿಗಿಯಾಗಿ ಚಪ್ಪಟೆಯಾಗೇ ಉಳಿಯುತ್ತವೆ. ಅವನ್ನು ಹಾಗೇ ಕರಿದು ಮಕ್ಕಳಿಗೆ ಕೊಡಿ. ಮೊಟ್ಟೆ ಬೇಡವಾದರೆ ಅದರ ಬದಲು 45 ಮಿ.ಲೀ. ಹಾಲು ಸೇರಿಸಿ. ಬೆನ್ಯೇಗೆ ಮೊಟ್ಟೆ ಇಲ್ಲದ್ದು ಕೊರತೆಯೇ ಅಲ್ಲ.

ಪ್ರಾಲೀನ್ ಕಥೆಯೂ ಬೀದಿಯದ್ದೇ. ಫ್ರಾನ್ಸಿನಲ್ಲಿ ಇದು ಬಾದಾಮಿಗೆ ಸಕ್ಕರೆ ಮೆತ್ತಿದ ಮಿಠಾಯಿ. ಲೂಯಿಸಿಯಾನಾದಲ್ಲಿ ಬಾದಾಮಿ ಇಲ್ಲ, ಪೆಕಾನ್ ಮರಗಳಿದ್ದವು. ಹಾಲು, ಬೆಣ್ಣೆ ಸೇರಿ ಅದು ಮೆತ್ತಗಿನ ಬಿಲ್ಲೆಯಾಯಿತು. ಕಪ್ಪು ಹೆಂಗಸರು ಫ್ರೆಂಚ್ ಕ್ವಾರ್ಟರ್‌ನಲ್ಲಿ ತಟ್ಟೆ ಹಿಡಿದು ಮಾರಿದರು. ಪೆಕಾನ್ ವಿಷಯದಲ್ಲಿ ಇನ್ನೊಬ್ಬರನ್ನು ನೆನೆಯಲೇಬೇಕು. 1840ರ ದಶಕದಲ್ಲಿ ಓಕ್ ಆ್ಯಲಿ ತೋಟದಲ್ಲಿ ಗುಲಾಮನಾಗಿದ್ದ ಆಂಟ್ವಾನ್ ಎಂಬ ತೋಟಗಾರ ಒಳ್ಳೆಯ ಪೆಕಾನ್ ಮರದ ಕುಡಿಗಳನ್ನು ಬೇರೆ ಮರಗಳಿಗೆ ಕಸಿ ಕಟ್ಟಿ ಗೆದ್ದ. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಅಮೆರಿಕ ಸ್ವಾತಂತ್ರ್ಯದ ಶತಮಾನೋತ್ಸವ ಪ್ರದರ್ಶನದಲ್ಲಿ ಆ ಕಾಯಿಗೆ ಬಹುಮಾನ ಬಂತು, ಆ ತಳಿಗೆ ಸೆಂಟೆನಿಯಲ್ ಎಂದು ಹೆಸರಾಯಿತು. ಪೆಕಾನ್ ತೋಟಗಾರಿಕೆ ಒಂದು ಉದ್ಯಮವಾಗಿ ಬೆಳೆಯಲು ಅವನ ಕಸಿ ಬುನಾದಿ ಹಾಕಿತು. ಅವನ ಪೂರ್ತಿ ಹೆಸರು ದಾಖಲೆಯಲ್ಲಿ ಇಲ್ಲ.

ನಿಮ್ಮ ಪ್ರಾಲೀನ್ ಅಂಟುವುದೇಕೆ? ಸಕ್ಕರೆ ಪಾಕದಲ್ಲಿ ನೀರು ಕಡಿಮೆಯಾದಷ್ಟೂ ಅದು ಕುದಿಯುವ ಕಾವು ಏರುತ್ತದೆ. ಹಾಗಾಗಿ ಥರ್ಮಾಮೀಟರ್ ತೋರಿಸುವುದು ಬಿಸಿಯನ್ನಷ್ಟೇ ಅಲ್ಲ, ಪಾಕದಲ್ಲಿ ಎಷ್ಟು ನೀರು ಉಳಿದಿದೆ ಅನ್ನುವುದನ್ನೂ. ಪ್ರಾಲೀನ್‌ಗೆ 114ರಿಂದ 116 ಡಿಗ್ರಿ ಬೇಕು. 110ಕ್ಕೆ ಇಳಿಸಿದರೆ ಎಂದೂ ಗಟ್ಟಿಯಾಗದು. 120 ದಾಟಿದರೆ ಒಣಗಿ ಪುಡಿಯಾಗುತ್ತದೆ. ಥರ್ಮಾಮೀಟರ್ ಬರುವವರೆಗೆ ಮನೆಯ ಹಿರಿಯರನ್ನು ಕೇಳಿ. ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟರೆ ಬೆರಳಲ್ಲಿ ಮೆತ್ತಗಿನ ಉಂಡೆ ಕಟ್ಟಬೇಕು, ಕಜ್ಜಾಯಕ್ಕೆ ತೆಗೆಯುವ ಪಾಕ. ನಿಮ್ಮ ಅತ್ತೆಗೆ ಈ ಹದ ಖಂಡಿತ ಗೊತ್ತಿರುತ್ತದೆ. ಇದರಲ್ಲಿ ಮೊಟ್ಟೆಯೂ ಇಲ್ಲ, ಆದ್ದರಿಂದ ಈ ಕೆಲಸಕ್ಕೆ ಅವರನ್ನೇ ಕೂರಿಸಿ.

ಬಿಳಿ ಸಕ್ಕರೆ 200 ಗ್ರಾಂ, ಬ್ರೌನ್ ಶುಗರ್ 200 ಗ್ರಾಂ, ಬತ್ತಿಸಿದ ಹಾಲು ಅಥವಾ ಕ್ರೀಮ್ 120 ಮಿ.ಲೀ., ಬೆಣ್ಣೆ 60 ಗ್ರಾಂ, ಚಿಟಿಕೆ ಉಪ್ಪು, ಹುರಿದ ಪೆಕಾನ್ 180 ಗ್ರಾಂ. ಬ್ರೌನ್ ಶುಗರ್ ಬದಲು ಬೆಲ್ಲ ಹಾಕೋಣ ಅನಿಸಬಹುದು. ಬೆಲ್ಲ ಬಿದ್ದು ಹಾಲು ಒಡೆಯುವುದನ್ನು ನೀವು ಪಾಯಸದಲ್ಲೇ ನೋಡಿರುತ್ತೀರಿ, ಇಲ್ಲೂ ಅದೇ ಆಗಬಹುದು. ಸಣ್ಣ ಉರಿಯಲ್ಲಿ ಸಕ್ಕರೆ ಪೂರ್ತಿ ಕರಗಿದ ಮೇಲೆ ಕುದಿಸಿ. 115ಕ್ಕೆ ಬಂದ ಕೂಡಲೇ ಇಳಿಸಿ. ಐದು ನಿಮಿಷ ಮುಟ್ಟಬೇಡಿ. ಈ ವಿರಾಮ ಮುಖ್ಯ. ತುಂಬಾ ಬಿಸಿ ಇರುವಾಗಲೇ ಕಲಕಿದರೆ ಸಕ್ಕರೆ ದಪ್ಪ ಹರಳಾಗಿ ಮರಳು ಮರಳಾಗುತ್ತದೆ. ಆಮೇಲೆ ಪೆಕಾನ್, ವೆನಿಲಾ ಹಾಕಿ ಮರದ ಸೌಟಿನಿಂದ ಬಿಡದೆ ತಿರುವಿ. ಹೊಳಪು ಹೋಗಿ ಮಬ್ಬಾಗುತ್ತಿದ್ದಂತೆ, ಸೌಟಿಗೆ ಭಾರ ಅನಿಸಿದ ಕ್ಷಣವೇ, ಬೆಣ್ಣೆ ಸವರಿದ ಕಾಗದದ ಮೇಲೆ ಚಮಚ ಚಮಚವಾಗಿ ಹಾಕಿ. ಇದಕ್ಕೆ ನಿಮಗೆ ಸಿಗುವುದು ಒಂದೆರಡು ನಿಮಿಷ ಅಷ್ಟೇ. ಪಾತ್ರೆಯಲ್ಲೇ ಗಟ್ಟಿಯಾಗಿ ಬಿಟ್ಟರೆ ಒಂದು ಚಮಚ ಬಿಸಿ ನೀರು ಹಾಕಿ ಸಣ್ಣ ಉರಿಯಲ್ಲಿ ಸಡಿಲಿಸಿ.

ಮಳೆಗಾಲದಲ್ಲಿ ಪ್ರಾಲೀನ್ ಮಾಡಬೇಡಿ. ಸಕ್ಕರೆ ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ, ಸರಿಯಾದ ಹದಕ್ಕೆ ತೆಗೆದ ಬಿಲ್ಲೆಯೂ ಸಂಜೆಗೆ ಬೆವರುತ್ತದೆ. ನ್ಯೂ ಆರ್ಲಿಯನ್ಸ್‌ನ ಅಡುಗೆಯವರೂ ಮಳೆಯ ದಿನ ಇದಕ್ಕೆ ಕೈ ಹಾಕುವುದಿಲ್ಲ. ನಿಮಗೆ ಡಿಸೆಂಬರ್, ಜನವರಿ ಒಳ್ಳೆಯದು. ಮಾಡಲೇಬೇಕಾದರೆ 116ಕ್ಕೆ ತೆಗೆಯಿರಿ, ಆರಿದ ಕೂಡಲೇ ಗಾಳಿಯಾಡದ ಡಬ್ಬಿಗೆ ತುಂಬಿ. ಫ್ರಿಜ್‌ನಲ್ಲಿ ಇಡಬೇಡಿ.

ಪೆಕಾನ್ ದೊಡ್ಡ ಊರುಗಳ ಅಂಗಡಿಗಳಲ್ಲಿ ಸಿಗುತ್ತದೆ, ಬೆಲೆ ಜಾಸ್ತಿ. ಹತ್ತಿರದ ರುಚಿ ಅಕ್ರೋಟದ್ದು. ಹುರಿದು, ಬಟ್ಟೆಯಲ್ಲಿ ಉಜ್ಜಿ ಸಿಪ್ಪೆ ತೆಗೆದರೆ ಅದರ ಕಹಿ ಕಡಿಮೆಯಾಗುತ್ತದೆ. ಕರಾವಳಿಯ ಗೋಡಂಬಿಯೂ ಚೆನ್ನಾಗಿರುತ್ತದೆ, ಆದರೆ ಅದಕ್ಕೇ ಸಿಹಿ ಇರುವುದರಿಂದ ಉಪ್ಪು ಸ್ವಲ್ಪ ಹೆಚ್ಚು ಹಾಕಿ. ನನ್ನನ್ನು ಕೇಳಿದರೆ ತೆಂಗಿನಕಾಯಿ ಹಾಕಿ. ನ್ಯೂ ಆರ್ಲಿಯನ್ಸ್‌ನಲ್ಲಿ ಒಂದು ಕಾಲಕ್ಕೆ ತೆಂಗಿನ ಪ್ರಾಲೀನ್ ಬಿಳಿ ಮತ್ತು ಗುಲಾಬಿ ಬಣ್ಣಗಳಲ್ಲಿ ಮಾರಾಟವಾಗುತ್ತಿತ್ತು. ಎಳ್ಳು, ಕಡಲೆಬೀಜದವೂ ಇದ್ದವು. ಅಂದರೆ ನೀವು ತೆಂಗು ಹಾಕಿದರೆ ಅದು ಬದಲಿ ಸಾಮಾನು ಅಲ್ಲ, ಅಲ್ಲಿನದೇ ಹಳೆಯ ರೂಪ. ತುರಿಯನ್ನು ಒಂದು ನಿಮಿಷ ಒಣ ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಬಣ್ಣ ತಿರುಗಬಾರದು, ಆಮೇಲೆ ಬಿಳಿ ಸಕ್ಕರೆಯ ಪಾಕಕ್ಕೆ ಹಾಕಿ.

ಬ್ರೆಡ್ ಪುಡಿಂಗ್‌ಗೆ ಬರೋಣ. ತೊಂದರೆ ಬ್ರೆಡ್‌ನದು. ನ್ಯೂ ಆರ್ಲಿಯನ್ಸ್‌ನ ಫ್ರೆಂಚ್ ಬ್ರೆಡ್ ಪ್ಯಾರಿಸ್‌ನ ಬ್ಯಾಗೆಟ್‌ಗಿಂತ ಬೇರೆ. ತೆಳ್ಳಗಿನ, ಮುಟ್ಟಿದರೆ ಚೂರಾಗುವ ಹೊರಪದರ, ಒಳಗೆ ಹತ್ತಿಯಷ್ಟು ಹಗುರ. ಅದನ್ನು ರೂಪಿಸಿದವರಲ್ಲಿ ಜರ್ಮನಿಯಿಂದ ಬಂದ ಬೇಕರಿಯವರ ಪಾಲು ದೊಡ್ಡದು. 1896ರಲ್ಲಿ ಶುರುವಾದ ಲೈಡನ್‌ಹೈಮರ್ ಬೇಕರಿ ಇಂದಿಗೂ ಅದನ್ನು ಮಾಡುತ್ತಿದೆ. 1929ರ ಟ್ರಾಮ್ ಮುಷ್ಕರದಲ್ಲಿ ಹೋಟೆಲ್ ನಡೆಸುತ್ತಿದ್ದ ಮಾರ್ಟಿನ್ ಸಹೋದರರು ಮುಷ್ಕರನಿರತರಿಗೆ ಉಚಿತವಾಗಿ ಹಂಚಿದ ಪೋ ಬಾಯ್ ಸ್ಯಾಂಡ್‌ವಿಚ್‌ಗೂ ಇದೇ ಬ್ರೆಡ್. ಒಂದೇ ದಿನಕ್ಕೆ ಹಳತಾಗುತ್ತದೆ. ಆ ಹಳೆಯ ಬ್ರೆಡ್ ಅನ್ನು ಹಾಲು, ಮೊಟ್ಟೆಯಲ್ಲಿ ಅದ್ದಿ ಬೆಣ್ಣೆಯಲ್ಲಿ ಕೆಂಪಗೆ ಮಾಡಿದರೆ ಪ್ಯಾನ್ ಪೆರ್ದೂ, ಓವನ್‌ಗೆ ಇಟ್ಟರೆ ಪುಡಿಂಗ್.

ನಮ್ಮಲ್ಲಿ ಪ್ಯಾಕೆಟ್‌ನಲ್ಲಿ ಬರುವ ಸ್ಯಾಂಡ್‌ವಿಚ್ ಬ್ರೆಡ್ ದಿನಗಟ್ಟಲೆ ಮೆತ್ತಗೇ ಇರಲಿ ಅಂತ ಮಾಡಿದ್ದು. ಅದು ಹಾಲಿಗೆ ಬಿದ್ದರೆ ಕರಗಿ ಮುದ್ದೆಯಾಗುತ್ತದೆ. ಬೇಕರಿಯ ಉದ್ದ ಫ್ರೆಂಚ್ ಲೋಫ್ ಸಿಕ್ಕರೆ ತನ್ನಿ. ಇಲ್ಲದಿದ್ದರೆ ಗಟ್ಟಿ ಮೈಯ ಪಾವ್ ಆಗುತ್ತದೆ. ಯಾವುದೇ ಆಗಲಿ, ಮೂರು ಸೆಂಟಿಮೀಟರ್ ತುಂಡು ಮಾಡಿ 120 ಡಿಗ್ರಿ ಓವನ್‌ನಲ್ಲಿ 20ರಿಂದ 25 ನಿಮಿಷ ಒಣಗಿಸಿ. ಬಣ್ಣ ಬರುವುದು ಬೇಡ, ಮೈ ಒಣಗಿದರೆ ಸಾಕು. ನ್ಯೂ ಆರ್ಲಿಯನ್ಸ್‌ನಲ್ಲಿ ದಿನ ಕಳೆದರೆ ಆಗುವ ಕೆಲಸವನ್ನು ನೀವು ಓವನ್‌ನಿಂದ ಮಾಡಿಸುತ್ತಿದ್ದೀರಿ.

ಒಣಗಿದ ಬ್ರೆಡ್ 300 ಗ್ರಾಂಗೆ ಹಾಲು 900 ಮಿ.ಲೀ., ಮೊಟ್ಟೆ 3, ಸಕ್ಕರೆ 200 ಗ್ರಾಂ, ಕರಗಿಸಿದ ಬೆಣ್ಣೆ 50 ಗ್ರಾಂ, ಒಣದ್ರಾಕ್ಷಿ ಒಂದು ಹಿಡಿ, ವೆನಿಲಾ, ಚಕ್ಕೆ ಪುಡಿ, ಜಾಯಿಕಾಯಿ. ಮುಕ್ಕಾಲು ತಾಸು ನೆನೆಯಲಿ. ತುಂಡಿನ ನಡುವೆ ಒಣ ಬಿಳಿ ಉಳಿದಿರಬಾರದು. 175 ಡಿಗ್ರಿಯಲ್ಲಿ 45ರಿಂದ 50 ನಿಮಿಷ. ಚಿಕ್ಕ ಓಟಿಜಿಯಲ್ಲಿ ಮೇಲ್ಭಾಗ ಬೇಗ ಕಪ್ಪಾಗುತ್ತದೆ, ಅರ್ಧ ಹೊತ್ತಿಗೆ ಫಾಯಿಲ್ ಮುಚ್ಚಿ. ಮೊಟ್ಟೆ ಇಲ್ಲದೆ ಮಾಡುವುದಾದರೆ ಕಸ್ಟರ್ಡ್ ಪೌಡರ್ 4 ದೊಡ್ಡ ಚಮಚವನ್ನು ತಣ್ಣನೆಯ ಹಾಲಿನಲ್ಲಿ ಕದಡಿ, ಉಳಿದ ಹಾಲಿನ ಜೊತೆ ಒಮ್ಮೆ ಕುದಿಸಿ, ಬ್ರೆಡ್ ಮೇಲೆ ಸುರಿಯಿರಿ. ಅಲ್ಲಿ ಮೇಲೆ ವಿಸ್ಕಿ ಸಾಸ್ ಹಾಕುತ್ತಾರೆ. ನಿಮ್ಮ ಮನೆಗೆ ಬೇಡವಾದರೆ ಬೆಣ್ಣೆ, ಸಕ್ಕರೆ, ಕ್ರೀಮ್ ಕುದಿಸಿ, ಇಳಿಸಿದ ಮೇಲೆ ಕಿತ್ತಳೆ ಸಿಪ್ಪೆಯ ತುರಿ ಹಾಕಿ. ಕಿತ್ತಳೆ ಲೂಯಿಸಿಯಾನಾದಲ್ಲೂ ಬೆಳೆಯುವ ಹಣ್ಣು, ಹೊರಗಿನದಲ್ಲ.

ಇನ್ನೊಂದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಲೂಯಿಸಿಯಾನಾದ ಹಳ್ಳಿ ಕಡೆ, ಹೆಚ್ಚಾಗಿ ಕೆನಡಾದಿಂದ ಬಂದ ಫ್ರೆಂಚ್ ಮೂಲದ ಕೇಜನ್ ಜನರ ಸೀಮೆಯಲ್ಲಿ, ಕಬ್ಬಿನ ರಸ ಕಾಯಿಸಿದ ಸಿರಪ್‌ನಿಂದ ಒಂದು ಕೇಕ್ ಮಾಡುತ್ತಾರೆ. ಗಾತೋ ದ ಸಿರೋ ಅಂತ ಹೆಸರು. ಆ ಸಿರಪ್‌ಗೆ ನಮ್ಮ ಜೋನಿ ಬೆಲ್ಲ ಬಹಳ ಹತ್ತಿರ. ಜೋನಿ ಬೆಲ್ಲ ಒಂದೂವರೆ ಕಪ್, ಎಣ್ಣೆ ಅರ್ಧ ಕಪ್, ಮೊಟ್ಟೆ 1, ಮೈದಾ ಎರಡೂವರೆ ಕಪ್, ಚಕ್ಕೆ ಪುಡಿ 1 ಚಿಕ್ಕ ಚಮಚ, ಲವಂಗ ಮತ್ತು ಶುಂಠಿ ಪುಡಿ ಅರ್ಧರ್ಧ ಚಿಕ್ಕ ಚಮಚ, ಉಪ್ಪು ಅರ್ಧ ಚಿಕ್ಕ ಚಮಚ. ಕೊನೆಗೆ ಮುಕ್ಕಾಲು ಕಪ್ ಬಿಸಿ ನೀರಿನಲ್ಲಿ ಒಂದೂವರೆ ಚಿಕ್ಕ ಚಮಚ ಅಡುಗೆ ಸೋಡಾ ಕರಗಿಸಿ ಹಾಕಿ. 175 ಡಿಗ್ರಿಯಲ್ಲಿ ಸುಮಾರು 45 ನಿಮಿಷ. ಮರುದಿನ ರುಚಿ ಹೆಚ್ಚುತ್ತದೆ.

ಅಲ್ಲಿನ ಹಬ್ಬದ ಕಾಲದ ಕಿಂಗ್ ಕೇಕ್ ಅನ್ನು ಕೊನೆಗೆ ಇಟ್ಟುಕೊಳ್ಳಿ. ಬೆನ್ಯೇ ಹಿಟ್ಟು ಕೈಗೆ ಒಗ್ಗಿದ ಮೇಲೆ ಅದು ಕಷ್ಟ ಅಲ್ಲ. ಬೆಣ್ಣೆ 100 ಗ್ರಾಂಗೆ, ಮೊಟ್ಟೆ 2ಕ್ಕೆ ಏರಿಸಿ, ನೀರು 100 ಮಿ.ಲೀ.ಗೆ ಇಳಿಸಿ, ನಿಂಬೆ ಸಿಪ್ಪೆ, ಜಾಯಿಕಾಯಿ ತುರಿ ಸೇರಿಸಿ. ಹಿಟ್ಟನ್ನು ಜಡೆ ಹೆಣೆದು ಉಂಗುರ ಮಾಡಿ, ಮತ್ತೆ ಉಬ್ಬಿದ ಮೇಲೆ 180 ಡಿಗ್ರಿಯಲ್ಲಿ 25ರಿಂದ 30 ನಿಮಿಷ. ಮೇಲೆ ನೇರಳೆ, ಹಸಿರು, ಹೊಂಬಣ್ಣದ ಸಕ್ಕರೆ. ಜನವರಿ 6ರಿಂದ ಮಾರ್ಡಿ ಗ್ರಾ ದಿನದವರೆಗೆ, ಅಂದರೆ ಕ್ರೈಸ್ತರ ಉಪವಾಸ ಕಾಲ ಶುರುವಾಗುವ ಹಿಂದಿನ ದಿನದವರೆಗೆ, ಅದರ ಕಾಲ. ಒಳಗೆ ಬಚ್ಚಿಡುವ ಮಗುವಿನ ಆಕಾರದ ಪುಟ್ಟ ಪ್ಲಾಸ್ಟಿಕ್ ಗೊಂಬೆಯನ್ನು ಬೇಯಿಸುವ ಮೊದಲು ಹಾಕಬೇಡಿ, ಕರಗುತ್ತದೆ. ಬೆಂದು ಆರಿದ ಮೇಲೆ ಅಡಿಯಿಂದ ತೂರಿಸಿ. ಚಿಕ್ಕ ಮಕ್ಕಳು ಬರುವುದಿದ್ದರೆ ಅದನ್ನು ಬಿಟ್ಟು ಇಡೀ ಬಾದಾಮಿ ಇಡಿ. ಅದೂ ತುಂಬಾ ಎಳೆಯ ಮಕ್ಕಳ ತಟ್ಟೆಗೆ ಹೋಗದ ಹಾಗೆ ನೋಡಿಕೊಳ್ಳಿ. ಸಿಕ್ಕವರು ಮುಂದಿನ ಕೇಕ್ ತರಬೇಕು ಅನ್ನುವ ನಿಯಮ ಬಾದಾಮಿಗೂ ಅನ್ವಯಿಸುತ್ತದೆ.

ಕಾಫಿಗೆ ಮಾತ್ರ ಏನೂ ಹುಡುಕಬೇಡಿ. ನ್ಯೂ ಆರ್ಲಿಯನ್ಸ್‌ನವರದು ಚಿಕೋರಿ ಬೆರೆತ ಕಾಫಿ, ನಿಮ್ಮ ಮನೆಯ ಫಿಲ್ಟರ್ ಕಾಫಿ ಪುಡಿಯಲ್ಲೂ ಬಹುಶಃ ಅದೇ ಇರುತ್ತದೆ. ಗಟ್ಟಿ ಡಿಕಾಕ್ಷನ್‌ಗೆ ಬಿಸಿ ಹಾಲು ಸೇರಿಸಿ, ಸಕ್ಕರೆ ಕಡಿಮೆ ಹಾಕಿ. ಬೆನ್ಯೇ ಮೇಲೆ ಹೇಗೂ ಬೇಕಾದಷ್ಟು ಇರುತ್ತದೆ.